ಸವತಿಯ ಕೈರುಚಿ

ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಅಡುಗೆಮನೆಯಲ್ಲಿದ್ದವರೆಲ್ಲ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ನಿವೃತ್ತ ಮೇಷ್ಟ್ರು ಜೇಬಿನಲ್ಲಿ ಕರವಸ್ತ್ರಕ್ಕಾಗಿ ತಡಕಾಡಿದರು. ಹೊಸದಾಗಿ ಮದುವೆಯಾದ ಹುಡುಗಿ ಏಪ್ರನ್ನಿನ ಅಂಚನ್ನೇ ಮೂಗಿಗೆ ಒತ್ತಿಕೊಂಡಳು. ಡಬ್ಬಿಯಲ್ಲಿದ್ದದ್ದು ಗೋಲಿ ಗಾತ್ರದ ಕಪ್ಪು ಉಂಡೆಗಳು; ಯಾವುದೋ ಮರದ ಬೀಜವನ್ನು ಬೇಯಿಸಿ, ಹುಳಿ ಬರಿಸಿ, ಕುಟ್ಟಿ ಒಣಗಿಸಿದವು. ಒದ್ದೆ ಕಾಲುಚೀಲವನ್ನು ಬೂಟಿನೊಳಗೇ ಮರೆತು ಊರಿಗೆ ಹೋಗಿ ಬಂದರೆ ಹೇಗಿರುತ್ತದೋ ಹಾಗಿತ್ತು ವಾಸನೆ.

"ಹೆದರಬೇಡಿ, ಅದೇನು ಕಚ್ಚಲ್ಲ," ಎಂದಳು ಅಡುಗೆ ಕಲಿಸುತ್ತಿದ್ದ ಮೆಣಸಿನಕ್ಕ. "ಈಗ ಮೂಗು ಮುಚ್ಕೊಂಡೋರೇ ನಾಳೆ ಇನ್ನೊಂದು ಉಂಡೆ ಹಾಕಿ ಅಂತ ನನ್ನ ಬೆನ್ನು ಹತ್ತೋದು. ನಾನು ನೋಡಿದೀನಲ್ಲ."

"ನಮ್ಮ ಮನೆಯವಳು ಇವತ್ತು ನನ್ನನ್ನ ಬಾಗಿಲ ಹೊರಗೇ ನಿಲ್ಲಿಸ್ತಾಳೆ," ಎಂದರು ಮೇಷ್ಟ್ರು.

"ಒಳ್ಳೇದೇ ಆಯ್ತಲ್ಲ ಮೇಷ್ಟ್ರೇ, ಒಂದಿಷ್ಟು ಗಾಳಿ ಸಿಗುತ್ತೆ."

ಎಲ್ಲರೂ ನಕ್ಕರು. ನಗದೇ ಇದ್ದವಳು ಪರದೆಯಮ್ಮ ಒಬ್ಬಳೇ. ಅವಳು ಹಿಂದೆಯೂ ಸರಿದಿರಲಿಲ್ಲ. ಡಬ್ಬಿಯ ಮೇಲೆ ಬಾಗಿ, ಮೂಗಿನ ಹೊಳ್ಳೆ ಅರಳಿಸಿ ಉಸಿರು ಎಳೆದುಕೊಳ್ಳುತ್ತಿದ್ದಳು. ಈ ವಾಸನೆ ಅವಳಿಗೆ ಹೊಸದಲ್ಲ. ಗಂಡ ರಜೆಯ ಮೇಲೆ ಬಂದಾಗಲೆಲ್ಲ ಸೂಟ್‌ಕೇಸಿನಿಂದ ಮೊದಲು ಹೊರಬೀಳುತ್ತಿದ್ದದ್ದು ಇದೇ. ಅಂಗಿಗಳನ್ನು ಎರಡೆರಡು ಸಲ ಒಗೆದರೂ ಹೊಲಿಗೆಯ ಸಂದಿಯಲ್ಲೆಲ್ಲೋ ಉಳಿದುಕೊಂಡು, ಅವಳು ಇಸ್ತ್ರಿ ಮಾಡುವಾಗ ಬಿಸಿಗೆ ಮೇಲೇಳುತ್ತಿತ್ತು. ಅದು ಒಬ್ಬ ಹೆಂಗಸಿನ ಅಡುಗೆಮನೆಯ ವಾಸನೆ ಎಂದೇ ಅವಳು ಇಷ್ಟು ವರ್ಷ ನಂಬಿದ್ದಳು. ಈಗ ಅದು ಎದುರಿಗೇ ಡಬ್ಬಿಯಲ್ಲಿ ಕೂತಿತ್ತು.

ವಾಚನಾಲಯದ ಹಿಂಭಾಗದಲ್ಲಿ, ಒಂದು ಕಾಲದಲ್ಲಿ ಕ್ಯಾಂಟೀನ್ ನಡೆಯುತ್ತಿದ್ದ ಉದ್ದನೆಯ ಕೋಣೆ ಅದು. ಗೋಡೆಯುದ್ದಕ್ಕೂ ನಾಲ್ಕು ಒಲೆ, ನಡುವೆ ತಗಡು ಹೊದಿಸಿದ ಮೇಜು, ಎಷ್ಟು ತಿರುಗಿಸಿದರೂ ತೊಟ್ಟಿಕ್ಕುವುದು ನಿಲ್ಲದ ಒಂದು ನಲ್ಲಿ. ಬಾಗಿಲಿಗೆ ಅಂಟಿಸಿದ ಕಾಗದದಲ್ಲಿ 'ಆಫ್ರಿಕಾದ ಮನೆಯೂಟ, ನಿಮ್ಮ ಮನೆಯಲ್ಲೇ. ಪ್ರತಿ ಶನಿವಾರ ಮಧ್ಯಾಹ್ನ' ಎಂದು ಬರೆದಿತ್ತು. ಕಲಿಸುವವಳು ಆಫ್ರಿಕಾದ ಪಶ್ಚಿಮ ಕರಾವಳಿಯವಳು. ಇಲ್ಲಿಯವನನ್ನು ಕಟ್ಟಿಕೊಂಡು ಬಂದು ತಲೆ ನರೆಯುವಷ್ಟು ಕಾಲವಾಗಿತ್ತು. ಮಾತಿಗೆ ನಿಂತರೆ ಇಲ್ಲಿಯವರನ್ನೇ ಮೂಲೆಗೆ ಕೂರಿಸುತ್ತಿದ್ದಳು. ಮೊದಲ ದಿನ ಎಲ್ಲರ ಅಂಗೈಗೂ ಕಂದುಬಣ್ಣದ ಪುಟ್ಟ ಕಾಳುಗಳನ್ನು ಹಾಕಿ, "ಮೊದಲು ಅಗೀರಿ, ಆಮೇಲೆ ಏನು ಅಂತ ಹೇಳ್ತೀನಿ," ಎಂದಿದ್ದಳು. ಬಾಯಿಗೆ ಮೊದಲು ಏಲಕ್ಕಿಯ ಪರಿಮಳ, ಆಹಾ ಎನ್ನುವಷ್ಟರಲ್ಲಿ ನಾಲಿಗೆಗೆ ಬೆಂಕಿ. ಅದು ಅವರ ಕಡೆಯ ಮೆಣಸಂತೆ, ಏಲಕ್ಕಿಗೆ ಹತ್ತಿರದ ನೆಂಟನಂತೆ. ಅವತ್ತಿನಿಂದ ಅವಳು ಮೆಣಸಿನಕ್ಕ. ಪರದೆ ಬಟ್ಟೆಯ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು ಪರದೆಯಮ್ಮ. ಈ ಹೆಸರುಗಳನ್ನೆಲ್ಲ ಇಟ್ಟವರು ಮೇಷ್ಟ್ರು. ಅವರಿಗೆ ಉಳಿದವರು ಇಟ್ಟಿದ್ದ ಹೆಸರು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಮೇಷ್ಟ್ರು ಬಂದದ್ದು ಮನೆಯಲ್ಲಿ ಹೊತ್ತು ಹೋಗದೆ. ಹೊಸ ಮದುವಣಗಿತ್ತಿ ಬಂದದ್ದು ಅತ್ತೆಗೆ ಗೊತ್ತಿಲ್ಲದ ಅಡುಗೆ ಒಂದಾದರೂ ತನಗೆ ಗೊತ್ತಿರಲಿ ಎಂದು. ಪರದೆಯಮ್ಮ ಬಂದದ್ದು ಸವತಿಯ ಕೈರುಚಿ ನೋಡಲು.

ಗಂಡ ಹೋಗಿ ವರ್ಷವಾಗುತ್ತ ಬಂದಿತ್ತು. ಸತ್ತವನ ಮೇಲೆ ಇನ್ನೆಂಥ ಅನುಮಾನ ಎಂದು ಕೇಳುವವರು ಕೇಳಬಹುದು. ಬದುಕಿದ್ದವನ ಮೇಲಾದರೆ ಕೇಳಿ, ಕೂಗಾಡಿ, ಎರಡು ದಿನ ಮಾತು ಬಿಟ್ಟು ಹೇಗೋ ಮುಗಿಸಿಕೊಳ್ಳಬಹುದು. ಸತ್ತವನ ಮೇಲಿನದು ಹಾಗಲ್ಲ. ಅದು ಬೆಳಗ್ಗೆ ಎದ್ದರೆ ಹಾಸಿಗೆಯ ಪಕ್ಕದಲ್ಲೇ ಇರುತ್ತದೆ, ಅಂಗಡಿಗೆ ಜೊತೆಯಲ್ಲೇ ಬರುತ್ತದೆ, ಕತ್ತರಿಗೂ ಬಟ್ಟೆಗೂ ನಡುವೆ ಬಂದು ಕೂರುತ್ತದೆ. ಅಳಬೇಕೆಂದರೂ ಅದು ಬಿಡುತ್ತಿರಲಿಲ್ಲ. ಅವನಿಗಾಗಿ ಅತ್ತರೆ ತಾನು ದಡ್ಡಿಯಾಗುತ್ತೇನೆಯೇ ಎಂಬ ಯೋಚನೆ ಬಂದು ಕಣ್ಣೀರು ಅಲ್ಲಿಗೇ ನಿಲ್ಲುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ: ಅಲ್ಲಿ ಒಬ್ಬಳು ಇದ್ದಳೋ ಇಲ್ಲವೋ. ಇದ್ದರೆ ಬೈಯಬೇಕು, ಇಲ್ಲದಿದ್ದರೆ ಅಳಬೇಕು. ಎರಡರಲ್ಲಿ ಒಂದು ಆಗಲೇಬೇಕಿತ್ತು.

ಅವನು ಮೀನಿನ ಶೀತಲಗೃಹಗಳ ಯಂತ್ರ ರಿಪೇರಿ ಮಾಡುವ ಮೆಕ್ಯಾನಿಕ್. ಮಾತು ಕಡಿಮೆ, ನಗು ಹೆಚ್ಚು, ಮೇಲಾಗಿ ಎಡಚ. ಮದುವೆಯಾದ ಹೊಸದರಲ್ಲಿ ಇಬ್ಬರೂ ಬೆಂಚಿನ ಮೇಲೆ ಪಕ್ಕಪಕ್ಕದಲ್ಲಿ ಊಟಕ್ಕೆ ಕೂತರೆ ಅವನ ಎಡಮೊಣಕೈ ಇವಳ ಬಲಮೊಣಕೈಗೆ ತಾಕಿ ಸಾರೆಲ್ಲ ಮೇಜಿನ ಪಾಲಾಗುತ್ತಿತ್ತು. ಆಮೇಲೆ ಅವನೇ ಎದ್ದು ಅವಳ ಎಡಗಡೆಗೆ ಬಂದು ಕೂತ. ಕೆಲಸ ಮಾಡುವ ಕೈಗಳೆರಡೂ ಆಚೆಗಾದವು, ಕೆಲಸವಿಲ್ಲದ ಕೈಗಳೆರಡೂ ನಡುವೆ ಉಳಿದವು. ಅಂಗಡಿಯ ದೊಡ್ಡ ಕತ್ತರಿಯನ್ನು ಅವಳು ಮನೆಗೆ ತಂದಾಗ ಒಮ್ಮೆ ಅವನು ಕೈಗೆತ್ತಿಕೊಂಡು ಬಟ್ಟೆ ಕತ್ತರಿಸಲು ಹೋಗಿದ್ದ. ಬಟ್ಟೆ ಅಲಗುಗಳ ನಡುವೆ ಮಡಚಿಕೊಂಡಿತೇ ಹೊರತು ಒಂದು ಎಳೆಯೂ ತುಂಡಾಗಲಿಲ್ಲ. "ನಿನ್ನ ಕತ್ತರೀನೂ ನಿನ್ನ ಹಾಗೇ ಕಣೇ, ನನ್ನ ಮಾತು ಕೇಳಲ್ಲ," ಎಂದಿದ್ದ.

ಎರಡನೆಯ ವರ್ಷ ಆಫ್ರಿಕಾದ ಅದೇ ಪಶ್ಚಿಮ ಕರಾವಳಿಯ ಬಂದರೊಂದರಲ್ಲಿ ಕೆಲಸ ಸಿಕ್ಕಿ ಹೊರಟುಹೋದ. ಮೊದಮೊದಲು ಅಲ್ಲಿ ಬರೀ ಬ್ರೆಡ್ಡು, ಚಹಾ. ಫೋನಿನಲ್ಲಿ ಅವನು ಬಾಯಿತಪ್ಪಿ ಅದನ್ನು ಹೇಳಿದ್ದೇ ಇವಳು ಅತ್ತು ರಂಪ ಮಾಡಿದಳು. "ನೀವು ಹೊಟ್ಟೆ ತುಂಬ ಉಣ್ಣೋವರೆಗೂ ನಾನೂ ಉಣ್ಣಲ್ಲ," ಎಂದಳು. ಹೇಳಿದಂತೆ ಮಾಡಿಯೂ ಮಾಡಿದಳು. ಹಟಕ್ಕೆ ಬಿದ್ದರೆ ಅವಳದು ಕತ್ತೆ ಹಟ. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕತ್ತರಿಸುತ್ತಿದ್ದ ಬಟ್ಟೆಯ ಮೇಲೆಯೇ ತಲೆ ಸುತ್ತಿ ಬಿದ್ದಳು. ಸುದ್ದಿ ಹೇಗೋ ಅವನಿಗೂ ಮುಟ್ಟಿತು. ಮಾರನೆಯ ದಿನವೇ ಫೋನು.

"ಅಡುಗೆಗೆ ಒಬ್ಬಳು ಸಿಕ್ಕಿದ್ದಾಳೆ ಕಣೇ. ಚೆನ್ನಾಗಿ ಮಾಡ್ತಾಳೆ. ನನ್ನ ಚಿಂತೆ ಬಿಡು, ನೀನು ಮೊದಲು ಊಟ ಮಾಡು."

ಅವತ್ತು ಅವಳು ಹೊಟ್ಟೆ ತುಂಬ ಉಂಡಳು. ಎಲ್ಲಿಯೋ ಇದ್ದ, ಕಾಣದ ಆ ತಾಯಿಗೆ ಒಳ್ಳೆಯದಾಗಲಿ ಎಂದು ಮನಸಾರೆ ಹರಸಿ ಮಲಗಿದಳು. ಆಮೇಲೆ ಫೋನು ಬಂದಾಗಲೆಲ್ಲ ಮೊದಲ ಪ್ರಶ್ನೆಯೇ ಅದು: "ಇವತ್ತೇನು ಮಾಡಿದ್ದಳು?" ಅವನೂ ಬಾಯಿ ಚಪ್ಪರಿಸಿ ವರ್ಣಿಸುತ್ತಿದ್ದ. ಹುರಿದ ಕಡಲೆಕಾಯಿ ಅರೆದು ಹಾಕಿದ ಸಾರಂತೆ, ಅದಕ್ಕೆ ಹೊಗೆಯಲ್ಲಿ ಒಣಗಿಸಿದ ಮೀನಂತೆ, ಬೆರಳು ಚೀಪಿಕೊಂಡು ತಿಂದನಂತೆ. ಹೀಗೆ ವರ್ಷಗಳು ಕಳೆದವು. ಹರಕೆ ಯಾವಾಗ ಹೊಟ್ಟೆಯುರಿಯಾಯಿತೋ ಅವಳಿಗೇ ತಿಳಿಯಲಿಲ್ಲ.

"ವಯಸ್ಸೆಷ್ಟು ಅವಳಿಗೆ?" ಎಂದು ಒಂದು ದಿನ ಕೇಳಿದಳು.

"ಹೆಚ್ಚು ಕಡಿಮೆ ನನ್ನ ವಾರಗೆ."

"ನೋಡೋಕೆ?"

"ಅಷ್ಟಕ್ಕಷ್ಟೇ." ಅವನು ನಕ್ಕದ್ದು ಕೇಳಿಸಿತು. ಆ ನಗು ಕೇಳಿದ್ದೇ ಅವಳು ಫೋನು ಇಟ್ಟುಬಿಟ್ಟಳು.

ಕೊನೆಗೆ ಅವನು ಅಲ್ಲಿಯ ಕೆಲಸ ಬಿಟ್ಟು ಬಂದ. ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ, ಮಗುವನ್ನು ಮಲಗಿಸಿದ ಹಾಗೆ ಟವೆಲಿನಲ್ಲಿ ಸುತ್ತಿದ ಒಂದು ಮರದ ಸೌಟಿತ್ತು. ಮೊಳದುದ್ದ, ಕರ್ರಗೆ, ತುದಿ ಓರೆಯಾಗಿ ಸವೆದದ್ದು. ಎಂದೋ ಸೀಳಿದ್ದ ಹಿಡಿಗೆ ತಾಮ್ರದ ಉಂಗುರವೊಂದನ್ನು ಕೂರಿಸಿ ಬಿಗಿಮಾಡಲಾಗಿತ್ತು. ಶೀತಲಯಂತ್ರದ ತಾಮ್ರದ ಕೊಳವೆಯಿಂದ ಕತ್ತರಿಸಿದ್ದು ಎಂದು ನೋಡಿದರೇ ತಿಳಿಯುತ್ತಿತ್ತು, ಅವನದೇ ಕೈಕೆಲಸ.

"ಇದೇನಿದು?"

"ಅಡುಗೆ ಮಾಡ್ತಿದ್ದಳಲ್ಲ, ಅವಳದು. ಬಿಟ್ಟು ಬರೋಕೆ ಮನಸ್ಸಾಗಲಿಲ್ಲ."

ಅವಳು ಸೌಟನ್ನು ಅಟ್ಟಕ್ಕೆ ಎಸೆದಳು. ಇಷ್ಟು ವರ್ಷಗಳಲ್ಲಿ ಇವಳಿಗೆ ತಂದದ್ದು ಸೋಪು, ಬಟ್ಟೆ, ಒಂದು ಗೋಡೆ ಗಡಿಯಾರ. ಆ ಹೆಂಗಸಿನ ಸೌಟಿಗೆ ಮಾತ್ರ ತಾಮ್ರದ ಬಳೆ ತೊಡಿಸಿದ್ದಾನೆ. ಅವನು ಅಟ್ಟದ ಕಡೆ ಒಮ್ಮೆ ನೋಡಿ ಸೂಟ್‌ಕೇಸು ಮುಚ್ಚಿದ.

ಬಂದ ಹೊಸದರಲ್ಲಿ ಒಂದು ಬೆಳಗ್ಗೆ ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವನು ಸೊಂಟಕ್ಕೆ ಟವೆಲು ಕಟ್ಟಿಕೊಂಡು ಅಡುಗೆಮನೆಯಲ್ಲಿ ನಿಂತು ಕಡಲೆಕಾಯಿ ಸುಲಿಯುತ್ತಿದ್ದ. "ನಿಮಗಿಲ್ಲೇನು ಕೆಲಸ?" ಎಂದು ಅವಳು ರೇಗಿದ್ದಳು. "ಅಷ್ಟು ವರ್ಷ ದೂರದಲ್ಲಿ ದುಡಿದು ಬಂದ ಗಂಡನ ಕೈಗೆ ಸೌಟು ಕೊಟ್ಟಳು ಅಂತ ನಾಲ್ಕು ಜನರ ಬಾಯಿಗೆ ಬೀಳಲಾ ನಾನು?"

"ಇಲ್ವೇ, ಒಂದು ಸಲ ನೋಡು ನಾನು..."

"ನೋಡಿದ್ದಾಯ್ತು. ಹೊರಗೆ ನಡೀರಿ."

ಅವನು ಟವೆಲು ಬಿಚ್ಚಿ ಹೊರಗೆ ನಡೆದ. ಸುಲಿದ ಕಡಲೆಕಾಯಿಗೆ ಅವಳು ಉಪ್ಪು ಹಾಕಿ ಹುರಿದು ಸಂಜೆಯ ಚಹಾಕ್ಕೆ ಕೊಟ್ಟಳು. ಆಮೇಲೆ ಅವನು ಕೇಳಿಕೊಳ್ಳುತ್ತಿದ್ದದ್ದು ಒಂದೇ: "ಇವತ್ತು ಅನ್ನಕ್ಕೆ ಒಂಚೂರು ತಳ ಹಿಡಿಸೇ." ತನ್ನ ಅಡುಗೆಯನ್ನು ಆಡಿಕೊಳ್ಳುತ್ತಿದ್ದಾನೆ ಎಂದು ಅವಳು ಮುಖ ಊದಿಸಿಕೊಳ್ಳುತ್ತಿದ್ದಳು.

ನಾಲ್ಕು ವರ್ಷ ಜೊತೆಯಲ್ಲಿದ್ದರು. ಆಮೇಲೆ ಹೊಟ್ಟೆಯಲ್ಲಿ ಗಡ್ಡೆ ಎಂದರು. ಏನು ತಿಂದರೂ ಉಳಿಯದಂತಾದಾಗ ಅವನು ಒಂದು ಮಧ್ಯಾಹ್ನ ಕಿಟಕಿಯ ಕಡೆ ನೋಡುತ್ತ, "ಆ ಕಡಲೆಕಾಯಿ ಸಾರು ಒಂದು ಚಮಚ ಸಿಕ್ಕಿದ್ರೆ," ಎಂದ. ಇಷ್ಟು ವರ್ಷ ಅದುಮಿಟ್ಟದ್ದೆಲ್ಲ ಅವಳ ಬಾಯಿಗೆ ಬಂತು.

"ಹಾಗಾದ್ರೆ ಅವಳನ್ನೇ ಕರೆಸ್ಕೊಳ್ಳಿ. ಬಂದು ಮಾಡಿ ಹಾಕ್ಲಿ."

ಅವನು ಅವಳ ಕಡೆ ತಿರುಗಿದ. ತುಟಿ ಮೊದಲು ನಕ್ಕಿತು, ಆಮೇಲೆ ಭುಜ ನಕ್ಕಿತು, ನಗು ಕೆಮ್ಮಾಗಿ ಅವಳೇ ಬೆನ್ನು ನೀವಬೇಕಾಯಿತು. ಉಸಿರು ಹಿಡಿತಕ್ಕೆ ಬಂದ ಮೇಲೆ, "ಅವಳ ಕೈಲಿ ಈಗ ಎಲ್ಲಾಗುತ್ತೆ ಕಣೇ," ಎಂದು ಕಣ್ಣು ಮುಚ್ಚಿದ. ಹೆಚ್ಚು ದಿನ ಉಳಿಯಲಿಲ್ಲ.

ಅವಳ ಕೈಲಿ ಈಗ ಎಲ್ಲಾಗುತ್ತೆ. ಅಂದರೆ ಅವಳೀಗ ಹೇಗಿದ್ದಾಳೆಂದು ಅವನಿಗೆ ಗೊತ್ತಿತ್ತು. ಅಂದರೆ ಕೊನೆಯವರೆಗೂ ಸುದ್ದಿ ಹೋಗಿ ಬಂದು ಮಾಡುತ್ತಿತ್ತು. ಈ ಲೆಕ್ಕಾಚಾರ ಹಾಕಿ ಹಾಕಿ ಪರದೆಯಮ್ಮ ವರ್ಷ ಕಳೆದಿದ್ದಳು. ವಾಚನಾಲಯದ ಬಾಗಿಲಲ್ಲಿ ಆ ಕಾಗದ ಕಂಡ ದಿನ ಅವಳ ಕಾಲು ತಾನಾಗಿಯೇ ಒಳಗೆ ಹೋಯಿತು.

ಶನಿವಾರಗಳು ಒಂದರ ಹಿಂದೊಂದು ಬಂದವು. ಒಂದು ವಾರ ಗೆಣಸಿನ ಜಾತಿಯ ಗಡ್ಡೆಯನ್ನು ಬೇಯಿಸಿ, ಒನಕೆಯಲ್ಲಿ ಕುಟ್ಟಿ, ಬೆಣ್ಣೆಯಂಥ ಮುದ್ದೆ ಮಾಡಿದರು. ಅಗಿಯದೆ ನುಂಗಬೇಕು ಎಂದದ್ದಕ್ಕೆ ಮೇಷ್ಟ್ರು ಅಗಿದೇ ತೀರುವೆನೆಂದು ವಾದಕ್ಕಿಳಿದು ಬಾಯಿ ಅಂಟಿಸಿಕೊಂಡರು. ಇನ್ನೊಂದು ವಾರ ಟೊಮ್ಯಾಟೊ ಮತ್ತು ಮೆಣಸಿನಕಾಯಿಯ ರಸದಲ್ಲೇ ಬೇಯುವ ಕೆಂಪು ಅನ್ನ. ಹೊಸ ಮದುವಣಗಿತ್ತಿಯ ಪಾತ್ರೆ ತಳ ಹಿಡಿದು ಅವಳು ಅಳುವುದೊಂದು ಬಾಕಿ. ಮೆಣಸಿನಕ್ಕ ಓಡಿ ಬಂದು ಅವಳ ಬೆನ್ನು ತಟ್ಟಿದಳು.

"ಭಲೇ! ನಮ್ಮ ಕಡೆ ಮಕ್ಕಳು ಕಿತ್ತಾಡೋದೇ ಈ ತಳಕ್ಕೆ. ತಳ ಹಿಡೀದೇ ಇರೋ ಕೆಂಪನ್ನ ನೆಂಟರಿಗೆ, ತಳ ಹಿಡಿದದ್ದು ಮನೆಯವರಿಗೆ."

ಪರದೆಯಮ್ಮ ಸೀದ ತಳವನ್ನು ಕೆರೆದು ಬಾಯಿಗಿಟ್ಟುಕೊಂಡಳು. ಹೊಗೆ, ಸಿಹಿ, ಖಾರ. ಚೆನ್ನಾಗಿತ್ತು, ಅದೇ ಅವಳ ಸಂಕಟ. ಇದನ್ನೂ ಅವರಿಗೆ ಅವಳೇ ರೂಢಿ ಮಾಡಿಸಿದ್ದು, ಎಂದುಕೊಂಡಳು. ಪ್ರತಿ ಅಡುಗೆಗೂ ಅವಳದೊಂದು ಪ್ರಶ್ನೆ ತಪ್ಪುತ್ತಿರಲಿಲ್ಲ. ಇದನ್ನು ನಿಮ್ಮಲ್ಲಿ ಯಾರು ಮಾಡುತ್ತಾರೆ? ವಯಸ್ಸಾದವರೋ, ಪ್ರಾಯದವರೋ? ಹೊರಗಿನಿಂದ ಬಂದ ಗಂಡಸರಿಗೆ ಮಾಡಿ ಹಾಕುವವರು ಎಂಥವರು?

"ಪರದೆಯಮ್ಮಾ," ಎಂದಳು ಮೆಣಸಿನಕ್ಕ ಕೊನೆಗೆ, ಸೊಂಟದ ಮೇಲೆ ಕೈಯಿಟ್ಟುಕೊಂಡು, "ನೀವು ಅಡುಗೆ ಕಲಿಯೋಕೆ ಬಂದಿದೀರೋ, ಹೆಣ್ಣು ನೋಡೋಕೆ ಬಂದಿದೀರೋ?"

ಕಡಲೆಕಾಯಿ ಸಾರಿನ ಶನಿವಾರ ಬಂದಾಗ ಪರದೆಯಮ್ಮ ಸೌಟನ್ನು ಅಟ್ಟದಿಂದ ಇಳಿಸಿ, ಪರದೆ ಬಟ್ಟೆಯ ತುಂಡಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಹೋದಳು. ಸಾರಿನ ರುಚಿ ನೋಡಿಬಿಟ್ಟರೆ ಬಂದ ಕೆಲಸ ಮುಗಿಯಿತು. ಸೌಟನ್ನು ಮೆಣಸಿನಕ್ಕನ ಕೈಗೆ ಹಾಕಿ ಕೈ ತೊಳೆದುಕೊಂಡುಬಿಡಬೇಕು. ಅದು ತನ್ನ ತಲೆಯ ಮೇಲೆ ಅಟ್ಟದಲ್ಲಿ ಮಲಗಿರುವ ಮನೆಯಲ್ಲಿ ಇನ್ನು ನಿದ್ದೆ ಮಾಡಲಾರೆ ಎಂದು ತೀರ್ಮಾನಿಸಿದ್ದಳು.

ಕಡಲೆಕಾಯಿಯನ್ನು ಸಿಪ್ಪೆ ಕಪ್ಪಾಗುವ ಹಾಗೆ ಹುರಿದರು. ಅದು ಎಣ್ಣೆ ಬಿಡುವವರೆಗೂ ಅರೆದರು. ಈರುಳ್ಳಿ, ಶುಂಠಿ, ಟೊಮ್ಯಾಟೊ ಬಾಡಿದ ಮೇಲೆ ಆ ಕಪ್ಪು ಉಂಡೆಯನ್ನು ಪುಡಿಮಾಡಿ ಉದುರಿಸಿದರು. ಈ ಸಲ ಯಾರೂ ಮೂಗು ಮುಚ್ಚಲಿಲ್ಲ. ಹೊಗೆ ಹಾಕಿದ ಮೀನು, ಇಡಿಯಾಗಿ ಒಂದು ಗುಂಡು ಮೆಣಸಿನಕಾಯಿ, ಕೊನೆಗೆ ಅರೆದ ಕಡಲೆಕಾಯಿ. "ಎಣ್ಣೆ ಮೇಲೆ ತೇಲೋವರೆಗೂ ತಳ ಕೆರೀತಾನೇ ಇರಬೇಕು," ಎಂದಳು ಮೆಣಸಿನಕ್ಕ. "ಇದು ಹಸುಗೂಸಿನ ಹಾಗೆ, ಆ ಕಡೆ ತಿರುಗಿದ್ರಿ ಅಂದ್ರೆ ಕೆಟ್ಟಿತು." ಸಾರು ಕುದಿದು ಮೇಲೆ ಕೆಂಪು ಎಣ್ಣೆ ಕಟ್ಟಿದಾಗ ಎಲ್ಲರೂ ಬಟ್ಟಲು ತುಂಬಿಸಿಕೊಂಡು ಹೊರಗಿನ ಜಗಲಿಗೆ ಹೋದರು. ಪರದೆಯಮ್ಮ ಒಲೆಯ ಹತ್ತಿರವೇ ಉಳಿದಳು.

"ಅಕ್ಕಾ, ಇದು ನಿಮ್ಮ ಕಡೆಯದು. ನೀವೇ ಇಟ್ಕೊಳ್ಳಿ. ನನ್ನ ಮನೇಲಿ ಬೇಡ."

ಮೆಣಸಿನಕ್ಕ ಬಟ್ಟೆ ಬಿಡಿಸಿದಳು. ತಾಮ್ರದ ಉಂಗುರದ ಮೇಲೆ ಬೆರಳಾಡಿಸಿ, "ಯಾರೋ ಅಚ್ಚುಕಟ್ಟಾಗಿ ಕೂರಿಸಿದ್ದಾರಲ್ಲ," ಎಂದಳು.

"ನಮ್ಮ ಯಜಮಾನ್ರು."

"ಓ, ಅವರದಾ ಸೌಟು?"

"ಅಲ್ಲ. ಅಲ್ಲಿ ಅವರಿಗೆ ಅಡುಗೆ ಮಾಡಿ ಹಾಕ್ತಿದ್ದಳಲ್ಲ, ಅವಳದು." ಆ ಒಂದು 'ಅವಳು' ಎಂಬಲ್ಲಿ ಹಲ್ಲು ಕಚ್ಚಿದ್ದು ಯಾರಿಗಾದರೂ ಕೇಳುವಂತಿತ್ತು. ಇಷ್ಟು ವಾರಗಳ ಪ್ರಶ್ನೆಗಳೆಲ್ಲ ಯಾಕೆಂದು ಮೆಣಸಿನಕ್ಕನಿಗೆ ಆಗ ತಿಳಿಯಿತು. ಅವಳು ಸೌಟನ್ನು ಪಾತ್ರೆಗೆ ಇಳಿಸಿ ಒಂದು ಸುತ್ತು ತಿರುಗಿಸಿದಳು, ನಿಲ್ಲಿಸಿದಳು. ಮತ್ತೆ ತಿರುಗಿಸಿದಳು. ಹುಬ್ಬು ಗಂಟಿಕ್ಕಿತು.

"ಇದೇನು, ತಳಕ್ಕೆ ಕೂರ್ತಾನೇ ಇಲ್ಲ."

ಸೌಟನ್ನು ಹೊರತೆಗೆದು ನೋಡಿದಳು. ಮೊಳೆಗೆ ತೂಗುಹಾಕಿದ್ದ ತನ್ನ ಸೌಟುಗಳಲ್ಲಿ ಎರಡನ್ನು ತೆಗೆದು, ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ, ಗುಳಿ ಮೇಲಾಗಿ ಇಟ್ಟಳು. ಅವಳ ಸೌಟುಗಳೆರಡೂ ಎಡ ಅಂಚಿನಲ್ಲಿ ಸವೆದಿದ್ದವು. ಇದು ಸವೆದದ್ದು ಬಲ ಅಂಚಿನಲ್ಲಿ.

"ನೋಡಿ," ಎಂದಳು. "ಬಲಗೈಯಲ್ಲಿ ಕೆರೆದೂ ಕೆರೆದೂ ಹೀಗಾಗುತ್ತೆ, ನಂದು ಇದೆಯಲ್ಲ ಹಾಗೆ. ಇದು ತಿರುಗಾಮುರುಗಾ." ಸೌಟನ್ನು ಎಡಗೈಗೆ ಬದಲಿಸಿ ಪಾತ್ರೆಗೆ ಇಳಿಸಿದಳು. ಸವೆದ ಅಂಚು ಪಾತ್ರೆಯ ತಳದ ಮೇಲೆ ಸರಿಯಾಗಿ ಕೂತು ಸರ್ರನೆ ಸದ್ದು ಮಾಡಿತು. "ಎಡಚರದು ಇದು. ಎಡಗೈಯೋರು ವರ್ಷಗಟ್ಟಲೆ ದಿನಾ ಅಡುಗೆ ಮಾಡಿದ್ದು."

"ಅವಳು ಎಡಚಿ ಇರಬೇಕು," ಎಂದಳು ಪರದೆಯಮ್ಮ.

"ನಮ್ಮ ಕಡೆ ಹೆಂಗಸಾ? ನಡೆಯೋ ಮಾತಲ್ಲ. ಊಟ ತಿಂಡಿ ಮುಂದೆ ಎಡಗೈ ಚಾಚಿದ್ರೆ ನಮ್ಮಲ್ಲಿ ಮರ್ಯಾದೆ ಹೋದ ಹಾಗೆ. ನನ್ನ ತಂಗಿ ಎಡಚಿ ಆಗಿ ಹುಟ್ಟಿದ್ದಳು. ನಮ್ಮಮ್ಮ ಅವಳ ಎಡಗೈನ ಸೊಂಟಕ್ಕೆ ಕಟ್ಟಿ, ಬಲಗೈಯಲ್ಲೇ ಸೌಟು ಹಿಡಿಯೋದು ಕಲಿಸಿದಳು. ಇನ್ನೊಬ್ಬರಿಗೆ ಅಡುಗೆ ಮಾಡಿ ಹಾಕೋಳು ಎಡಗೈಯಲ್ಲಿ ತಿರುವಿದ್ರೆ ಯಾರು ಇಟ್ಕೊಳ್ತಾರೆ? ಇದನ್ನ ಹಿಡಿದೋರು ಹೊರಗಿನಿಂದ ಬಂದೋರು, ಪರದೆಯಮ್ಮ. ಕೇಳೋರು ಹೇಳೋರು ಇಲ್ಲದೆ ತಮ್ಮ ಪಾಡಿಗೆ ಒಬ್ಬರೇ ಮಾಡ್ಕೊಂಡು ತಿಂದೋರು. ನಿಮ್ಮ ಯಜಮಾನ್ರ ಜೊತೆ ಅಲ್ಲಿ ಎಡಚರು ಯಾರಿದ್ರು?"

ಪರದೆಯಮ್ಮ ಈರುಳ್ಳಿಯ ಬುಟ್ಟಿಯನ್ನು ಆಚೆ ಸರಿಸಿ, ಮರದ ಪೆಟ್ಟಿಗೆಯ ಮೇಲೆ ಕೂತಳು. ದಿನವಿಡೀ ಕತ್ತರಿ ಹಿಡಿಯುವವಳು ಅವಳು. ಬಲಗೈಯ ಕತ್ತರಿ ಎಡಗೈಗೆ ಒಲಿಯುವುದಿಲ್ಲವೆಂದು ಅವಳಿಗೆ ಬೇರೆಯವರು ಹೇಳಿಕೊಡಬೇಕೆ? ಆ ಸೌಟನ್ನು ಒಂದೇ ಒಂದು ಸಲ ಕೈಯಲ್ಲಿ ಹಿಡಿದು ಒಲೆಯ ಮುಂದೆ ನಿಂತಿದ್ದರೆ ಸಾಕಿತ್ತು. ಹಿಡಿದದ್ದು ಎಸೆಯುವುದಕ್ಕೆ ಮಾತ್ರ.

ಮೊದಲು ಬಂದದ್ದು ಸಂತೋಷ. ಸುಳ್ಳು ಹೇಳಿ ಫಲವಿಲ್ಲ, ಸಂತೋಷವೇ ಬಂತು. ಇರಲಿಲ್ಲ, ಯಾರೂ ಇರಲಿಲ್ಲ. ಆದರೆ ಅದು ಒಂದು ಉಸಿರಿನಷ್ಟು ಹೊತ್ತೂ ನಿಲ್ಲಲಿಲ್ಲ. ಯಂತ್ರಗಳ ಕೆಲಸ ಮುಗಿಸಿ ಬಂದು, ಕೈಯ ಗ್ರೀಸ್ ತೊಳೆದು, ಒಬ್ಬನೇ ನಿಂತು ಸಾರು ತಿರುವುತ್ತಿದ್ದವನು ಕಣ್ಣಮುಂದೆ ಬಂದ. ಹೆಂಡತಿ ಊಟ ಬಿಡದಿರಲಿ ಎಂದು ಒಬ್ಬ ಅಡುಗೆಯವಳನ್ನು ಹುಟ್ಟಿಸಿದ. ಹೆಂಡತಿ ದಿನವೂ ಕೇಳುತ್ತಾಳೆಂದು ದಿನವೂ ಅವಳನ್ನು ಬದುಕಿಸಿಟ್ಟ. ಮನೆಗೆ ಬಂದ ಮೇಲೆ ಸೊಂಟಕ್ಕೆ ಟವೆಲು ಕಟ್ಟಿಕೊಂಡು ಗುಟ್ಟು ಬಿಡಿಸಲು ನಿಂತಿದ್ದ. ಅವಳೇ ಹೊರಗೆ ಕಳಿಸಿದಳು. ಕಾಯಿಲೆಯಲ್ಲೂ ಅವನು ನಕ್ಕದ್ದು ಬೇರೆ ಯಾವುದಕ್ಕೂ ಅಲ್ಲ. ಅವಳ ಕೈಲಿ ಈಗ ಎಲ್ಲಾಗುತ್ತೆ ಕಣೇ. ಡ್ರಿಪ್ಪಿನ ಸೂಜಿ ಚುಚ್ಚಿ ಊದಿಕೊಂಡಿದ್ದ ಎಡಗೈ ಆಗ ಹೊದಿಕೆಯ ಮೇಲೆ ಅವಳ ಕಣ್ಣೆದುರಿಗೇ ಇತ್ತು.

ಹೊರಗೆ ಮೇಷ್ಟ್ರು ಇನ್ನೊಂದು ಬಟ್ಟಲು ಬೇಕೆಂದು ಕೂಗುತ್ತಿದ್ದರು. "ಬಂದೆ," ಎಂದು ಮೆಣಸಿನಕ್ಕ ಹೊರಟವಳು ತಿರುಗಿ ಬಂದು, ಪರದೆಯಮ್ಮನ ತಲೆಯನ್ನು ತನ್ನ ಏಪ್ರನ್ನಿಗೆ ಒತ್ತಿ ಹಿಡಿದಳು. ಏಪ್ರನ್ನಿಗೆ ಅದೇ ವಾಸನೆ. ವರ್ಷದಿಂದ ಕಟ್ಟಿ ನಿಂತದ್ದು ಆಗ ಒಡೆಯಿತು. ಪರದೆಯಮ್ಮ ಬಾಯಿಗೆ ಸೆರಗು ತುರುಕಿಕೊಳ್ಳಲೂ ಇಲ್ಲ, ಯಾರು ಕೇಳಿಸಿಕೊಳ್ಳುತ್ತಾರೆಂದು ನೋಡಲೂ ಇಲ್ಲ. ಬಟ್ಟಲು ಹಿಡಿದು ಬಾಗಿಲಿಗೆ ಬಂದ ಮೇಷ್ಟ್ರು ಬಂದ ಹಾಗೆಯೇ ಹಿಂದಕ್ಕೆ ಹೋಗಿ, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡರು.

ಹೊರಡುವಾಗ ಮೆಣಸಿನಕ್ಕ ಎರಡು ಕಪ್ಪು ಉಂಡೆಗಳನ್ನೂ ಹೊಗೆಮೀನಿನ ಒಂದು ತುಂಡನ್ನೂ ಕಾಗದದಲ್ಲಿ ಕಟ್ಟಿಕೊಟ್ಟಳು. "ಸೌಟು?" ಎಂದು ಕೇಳಿದಳು.

"ನಂದೇ ಅಕ್ಕಾ," ಎಂದು ಪರದೆಯಮ್ಮ ಅದನ್ನು ಚೀಲಕ್ಕೆ ಹಾಕಿಕೊಂಡಳು.

ಮಾರನೆಯ ದಿನ ಅಂಗಡಿಗೆ ರಜೆ. ಅವಳು ಬೆಳಗ್ಗೆಯೇ ಕಡಲೆಕಾಯಿ ಸುಲಿಯಲು ಕೂತಳು. ಸಾರು ಒಲೆಯ ಮೇಲೇರಿದಾಗ ಸೌಟನ್ನು ಎಡಗೈಯಲ್ಲಿ ಹಿಡಿದಳು. ಕೈ ಹೇಳಿದ ಮಾತು ಕೇಳಲಿಲ್ಲ. ಸಾರು ಸಿಡಿದು ಒಲೆಯ ಮೇಲೆಲ್ಲ ಬಿತ್ತು, ಮೊಣಕೈ ಗೋಡೆಗೆ ತಾಗಿತು, ಹೆಬ್ಬೆರಳಿಗೆ ಜಾಗ ಸಿಗಲಿಲ್ಲ. ತಡಕಾಡುತ್ತಿದ್ದ ಹೆಬ್ಬೆರಳು ಕೊನೆಗೆ ತಾಮ್ರದ ಉಂಗುರದ ಮೇಲಿನ ಒಂದು ಗುಳಿಗೆ ಇಳಿಯಿತು. ಇನ್ನೊಂದು ಹೆಬ್ಬೆರಳು ಉಜ್ಜಿ ಉಜ್ಜಿ ಮಾಡಿದ ಗುಳಿ; ಅವಳದಕ್ಕೆ ಒಂದಿಷ್ಟು ದೊಡ್ಡದಾಗಿತ್ತು. ಎಣ್ಣೆ ಮೇಲೆ ತೇಲುವವರೆಗೂ ಅವಳು ಕೈ ಬದಲಿಸಲಿಲ್ಲ. ಪಕ್ಕದ ಒಲೆಯಲ್ಲಿ ಅನ್ನ ಸೀಯುವ ವಾಸನೆ ಬಂತು. ಬರಲಿ ಎಂದು ಬಿಟ್ಟಳು.

ತಟ್ಟೆಗೆ ಬಡಿಸಿಕೊಂಡು ಬೆಂಚಿನ ಮೇಲೆ ತನ್ನ ಜಾಗದಲ್ಲಿ, ಬಲತುದಿಯಲ್ಲಿ ಕೂತಳು. ಮೊದಲ ತುತ್ತಿಗೆ ಉಪ್ಪು ಕಡಿಮೆ ಎನ್ನಿಸಿತು. ಎದ್ದು ಹೋಗಿ ಹಾಕಿಕೊಳ್ಳಲಿಲ್ಲ. ಬಲಗೈ ಉಣ್ಣುತ್ತಿತ್ತು, ಕೆಲಸವಿಲ್ಲದ ಎಡಗೈಯನ್ನು ಮೆಲ್ಲಗೆ ಪಕ್ಕಕ್ಕೆ ಇಳಿಸಿ, ಬೆಂಚಿನ ಮೇಲೆ ಅಂಗೈ ಮೇಲಾಗಿ ಇಟ್ಟಳು.